ಮುಚ್ಚಿಹೋದ ಕಿಟಕಿಗಳನ್ನು ಇದ್ದಂತೆಯೇ ಮರಳಿ ತೆರೆಯುವುದು: ವಿಮ್ ಸೆಷನ್‌ಗೆ ಒಂದು ಮಾರ್ಗದರ್ಶಿ

ಮೇ ತಿಂಗಳ ಒಂದು ಸಂಜೆ ಬಸವನಗುಡಿಯಲ್ಲಿ ಗಾಳಿ ಎದ್ದು ಮಳೆ ಸುರಿಯಿತು. ನಮ್ಮ ರಸ್ತೆಯಲ್ಲಿ ಮರದ ಕೊಂಬೆಯೊಂದು ತಂತಿಯ ಮೇಲೆ ಬಿದ್ದು ಕರೆಂಟ್ ಹೋಯಿತು. ನನ್ನ ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇತ್ತು, ರೂಟರ್‌ಗೆ ಇರಲಿಲ್ಲ. ಜಯನಗರದ ಕಚೇರಿಯ ಸರ್ವರ್‌ನಲ್ಲಿ ತೆರೆದಿದ್ದ, ಟರ್ಮಿನಲ್ಲಿನಲ್ಲಿ ನಡೆಯುವ ವಿಮ್ ಎಂಬ ಎಡಿಟರಿನ ಪರದೆ ನಿಂತಲ್ಲೇ ನಿಂತಿತು. ಎಡಗಡೆ ನಾನು ಕನ್ನಡಕ್ಕೆ ತರುತ್ತಿದ್ದ ಅನುವಾದದ ಫೈಲ್, ಬಲಗಡೆ ಮೇಲೆ ಪದಕೋಶ, ಅದರ ಕೆಳಗೆ ಆ ಮಾತುಗಳು ಬರುವ ಪ್ರೋಗ್ರಾಮಿನ ಕೋಡ್, ಇನ್ನೊಂದು ಟ್ಯಾಬಿನಲ್ಲಿ ಸಂಶಯಗಳ ಪಟ್ಟಿ.

ಕರೆಂಟ್ ಬಂದ ಮೇಲೆ ಬರಹ ಹೆಚ್ಚುಕಡಿಮೆ ಪೂರ್ತಿ ಸಿಕ್ಕಿತು. ಸಿಗದೆ ಹೋದದ್ದು ಜೋಡಣೆ. ಯಾವ ಫೈಲಿನ ಪಕ್ಕದಲ್ಲಿ ಯಾವುದಿತ್ತು, ಪದಕೋಶದಲ್ಲಿ ಯಾವ ಪದದ ಮೇಲೆ ನಿಂತಿದ್ದೆ, ಕೋಡಿನ ಯಾವ ಸಾಲನ್ನು ನೋಡಿ ತಲೆ ಕೆರೆದುಕೊಳ್ಳುತ್ತಿದ್ದೆ ಎಂಬುದನ್ನು ಮತ್ತೆ ಹೊಂದಿಸುವಷ್ಟರಲ್ಲಿ ರಾತ್ರಿಯ ಊಟದ ಹೊತ್ತಾಗಿತ್ತು. ವಿಂಡೋಗಳ ಜೋಡಣೆಯಲ್ಲಿ ನಮ್ಮ ಯೋಚನೆಯ ಅರ್ಧ ಭಾಗ ಇರುತ್ತದೆ ಎಂದು ನನಗೆ ಮನವರಿಕೆಯಾದದ್ದು ಆ ರಾತ್ರಿ. ಅದನ್ನು ಉಳಿಸಿಕೊಳ್ಳಲು ವಿಮ್‌ನಲ್ಲಿ ಒಂದೇ ಒಂದು ಆಜ್ಞೆ ಸಾಕು. ಹಾಗೆ ಉಳಿಸಿದ ಜೋಡಣೆಗೆ ಸೆಷನ್ ಎಂದು ಹೆಸರು. ಆ ಆಜ್ಞೆ ಏನನ್ನು ಉಳಿಸುತ್ತದೆ, ಏನನ್ನು ಉಳಿಸುವುದಿಲ್ಲ ಎಂಬ ಅರಿವು ಮಾತ್ರ ಜೊತೆಗಿರಬೇಕು.

ಒಂದು ಸೂಚನೆ: ಇಲ್ಲಿ ಆಜ್ಞೆಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಕೀಲಿಮಣೆಯಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ಕನ್ನಡ ಕೀಲಿ ವಿನ್ಯಾಸ ಚಾಲ್ತಿಯಲ್ಲಿದ್ದರೆ ಆಜ್ಞೆ ಕೊಡುವ ಮೊದಲು ಇಂಗ್ಲಿಷಿಗೆ ಬದಲಿಸಿಕೊಳ್ಳಿ.

ಮೊದಲು ನಿಮ್ಮ ವಿಮ್‌ಗೆ ಈ ಶಕ್ತಿ ಇದೆಯೇ ನೋಡಿ

ಉಬುಂಟು, ಡೆಬಿಯನ್‌ಗಳ ಜೊತೆ ಮೊದಲೇ ಬರುವುದು ಸಾಮಾನ್ಯವಾಗಿ ವಿಮ್‌ನ ಅತಿ ಚಿಕ್ಕ ರೂಪ. ಅದರಲ್ಲಿ ಸೆಷನ್ ಸೌಲಭ್ಯ ಇರುವುದಿಲ್ಲ. ಟರ್ಮಿನಲ್‌ನಲ್ಲಿ

ವಿಮ್ --ವರ್ಷನ್

ಎಂದು ಕೊಟ್ಟು, ಬರುವ ಉದ್ದನೆಯ ಪಟ್ಟಿಯಲ್ಲಿ ಎಂಕೆಸೆಷನ್ ಎಂಬ ಪದ ಹುಡುಕಿ. ಎಂ, ಕೆ ಎಂಬ ಎರಡು ಅಕ್ಷರಗಳಿಗೆ ಸೆಷನ್ ಎಂಬ ಪದವನ್ನು ಜಾಗ ಬಿಡದೆ ಸೇರಿಸಿದರೆ ಆ ಹೆಸರು. ಅದರ ಹಿಂದೆ ಕೂಡಿಸುವ ಚಿಹ್ನೆ ಇದ್ದರೆ ಮುಂದುವರಿಯಿರಿ. ಕಳೆಯುವ ಚಿಹ್ನೆ ಇದ್ದರೆ, ಇಲ್ಲವೇ ವಿಮ್ ಎಂಬ ಆಜ್ಞೆಯೇ ಸಿಗದಿದ್ದರೆ, ವಿಮ್ ಎಂಬ ಪೂರ್ಣ ಪ್ಯಾಕೇಜನ್ನು ಸ್ಥಾಪಿಸಿಕೊಳ್ಳಿ. ವಿಮ್‌ನಿಂದಲೇ ಕವಲೊಡೆದ ನಿಯೋವಿಮ್ ಬಳಸುವವರಿಗೆ ಈ ಪರೀಕ್ಷೆ ಬೇಕಿಲ್ಲ, ಮುಂದಿನ ಆಜ್ಞೆಗಳು ಅಲ್ಲಿಯೂ ಇವೇ.

ಉಳಿಸುವುದು

ಸೆಷನ್‌ಗಳಿಗೆಂದು ಒಂದು ಫೋಲ್ಡರ್ ಮಾಡಿಕೊಳ್ಳಿ. ನನ್ನದು ಮನೆ ಫೋಲ್ಡರಿನಲ್ಲಿರುವ .ವಿಮ್ ಒಳಗೆ ಸೆಷನ್ಸ್ ಎಂಬ ಹೆಸರಿನಲ್ಲಿದೆ. ಇದನ್ನು ನೀವೇ ಮೊದಲು ಸೃಷ್ಟಿಸಬೇಕು. ಇಲ್ಲದ ಫೋಲ್ಡರಿಗೆ ಉಳಿಸಲು ಹೋದರೆ ವಿಮ್ ತಪ್ಪು ತೋರಿಸಿ ಸುಮ್ಮನಾಗುತ್ತದೆ.

ಈಗ ವಿಂಡೋಗಳನ್ನು ನಿಮಗೆ ಬೇಕಾದಂತೆ ಹೊಂದಿಸಿ. ಕಂಟ್ರೋಲ್ ಮತ್ತು ಡಬ್ಲ್ಯೂ ಒತ್ತಿ ಎಸ್ ಒತ್ತಿದರೆ ಮೇಲೆ-ಕೆಳಗೆ ಸೀಳುತ್ತದೆ, ವಿ ಒತ್ತಿದರೆ ಅಕ್ಕಪಕ್ಕ ಸೀಳುತ್ತದೆ. ಜೋಡಣೆ ಒಪ್ಪಿಗೆಯಾದ ಮೇಲೆ ಈ ಎರಡು ಆಜ್ಞೆಗಳನ್ನು ಇದೇ ಕ್ರಮದಲ್ಲಿ ಕೊಡಿ:

:ಡಬ್ಲ್ಯೂಎ
:ಎಂಕೆಸೆಷನ್ ~/.ವಿಮ್/ಸೆಷನ್ಸ್/ಅನುವಾದ.ವಿಮ್

ಮೊದಲನೆಯದು ತೆರೆದಿರುವ ಎಲ್ಲ ಫೈಲುಗಳ ಬರಹವನ್ನು ಡಿಸ್ಕಿಗೆ ಬರೆಯುತ್ತದೆ. ಎರಡನೆಯದು ಜೋಡಣೆಯನ್ನು ಬರೆಯುತ್ತದೆ. ಈ ಕ್ರಮವನ್ನು ಬಿಡಬೇಡಿ. ಸೆಷನ್ ಫೈಲಿನಲ್ಲಿ ನಿಮ್ಮ ಬರಹದ ಒಂದಕ್ಷರವೂ ಇರುವುದಿಲ್ಲ, ಫೈಲುಗಳ ಹೆಸರು, ಅವು ಕೂತಿದ್ದ ಜಾಗ ಇಂಥ ವಿವರಗಳಷ್ಟೇ ಇರುತ್ತವೆ. ಹೆಸರೇ ಇಡದ ವಿಂಡೋದಲ್ಲಿ ಏನಾದರೂ ಗೀಚಿಕೊಂಡಿದ್ದರೆ ಮೊದಲ ಆಜ್ಞೆಯೇ ದೂರು ಹೇಳುತ್ತದೆ. ಅದಕ್ಕೊಂದು ಹೆಸರು ಕೊಟ್ಟು ಉಳಿಸಿ.

ಎರಡನೆಯ ಸಲ ಅದೇ ಹೆಸರಿಗೆ ಉಳಿಸುವಾಗ ಎಂಕೆಸೆಷನ್ ಪದಕ್ಕೆ ಅಂಟಿಕೊಂಡಂತೆ ಆಶ್ಚರ್ಯಸೂಚಕ ಚಿಹ್ನೆ ಇರಬೇಕು. ಇಲ್ಲದಿದ್ದರೆ ಫೈಲ್ ಈಗಾಗಲೇ ಇದೆ ಎಂದು ವಿಮ್ ತಡೆಯುತ್ತದೆ. ಹೆಸರನ್ನೇ ಕೊಡದಿದ್ದರೆ ನೀವಿರುವ ಫೋಲ್ಡರಿನಲ್ಲಿ ಸೆಷನ್.ವಿಮ್ ಎಂಬ ಫೈಲ್ ಹುಟ್ಟುತ್ತದೆ. ಅದು ಗಿಟ್‌ಗೆ (ಕೋಡ್ ಹಂಚಿಕೊಳ್ಳುವ ವ್ಯವಸ್ಥೆಗೆ) ಸೇರಿ ಸಹೋದ್ಯೋಗಿಗಳ ಯಂತ್ರಗಳಿಗೂ ಹೋಗುವುದನ್ನು ಕಂಡಿದ್ದೇನೆ. ಆದ್ದರಿಂದ ಹೆಸರು ಕೊಟ್ಟು ಬೇರೆಡೆ ಇಡುವುದನ್ನೇ ನಾನು ಹೇಳುತ್ತೇನೆ.

ಮರಳಿ ತರುವುದು

ಟರ್ಮಿನಲ್‌ನಿಂದ ನೇರವಾಗಿ:

ವಿಮ್ -ಎಸ್ ~/.ವಿಮ್/ಸೆಷನ್ಸ್/ಅನುವಾದ.ವಿಮ್

ಇಲ್ಲಿನ ಎಸ್ ದೊಡ್ಡಕ್ಷರ. ಚಿಕ್ಕಕ್ಷರದ ಎಸ್‌ಗೆ ಬೇರೆಯೇ ಅರ್ಥವಿದೆ. ವಿಮ್ ಆಗಲೇ ತೆರೆದಿದ್ದರೆ ಒಳಗಿನಿಂದ :ಸೋರ್ಸ್ ಎಂದು ಕೊಟ್ಟು ಅದೇ ಹೆಸರು ಬರೆಯಿರಿ. ಟ್ಯಾಬ್‌ಗಳು, ಸೀಳುಗಳು, ಪ್ರತಿ ವಿಂಡೋದಲ್ಲಿ ಕರ್ಸರ್ ನಿಂತಿದ್ದ ಸಾಲು, ಮಡಚಿಟ್ಟ ಭಾಗಗಳು, ಎಲ್ಲವೂ ಹಿಂದಿನ ಜಾಗಕ್ಕೆ ಬರುತ್ತವೆ.

ಸೆಷನ್ ಫೈಲಿನ ಒಳಗೆ ಒಮ್ಮೆ ಇಣುಕಿ

ಇದು ಯಾವ ಗುಪ್ತ ರೂಪದ ಫೈಲೂ ಅಲ್ಲ. ವಿಮ್‌ನಲ್ಲೇ ತೆರೆದು ಓದಬಹುದು, ಒಮ್ಮೆಯಾದರೂ ಓದಲೇಬೇಕು ಎನ್ನುತ್ತೇನೆ. ನನ್ನ ಅನುವಾದದ ಸೆಷನ್‌ನಲ್ಲಿ ಆರಂಭದ ಕೆಲವು ಸಾಲುಗಳಾದ ಮೇಲೆ ಸಿಡಿ ಎಂಬ ಆಜ್ಞೆ ಮತ್ತು ಫೋಲ್ಡರಿನ ದಾರಿ ಇದೆ. ಅದರ ಕೆಳಗೆ ಬಿಎಡಿಡಿ ಎಂದು ಶುರುವಾಗುವ ಸಾಲುಗಳು, ಫೈಲಿಗೆ ಒಂದರಂತೆ. ಪದಕೋಶದ ಫೈಲಿನ ಹೆಸರಿನ ಹಿಂದೆ +212 ಎಂದಿದೆ. ನಾನು 212ನೇ ಸಾಲಿನಲ್ಲಿದ್ದೆ ಎಂಬ ಗುರುತು ಅದು. ಆಮೇಲೆ ವಿಎಸ್‌ಪ್ಲಿಟ್, ಸ್ಪ್ಲಿಟ್ ಎಂಬ ಸಾಲುಗಳು, ನಾವು ಕೈಯಿಂದ ಸೀಳಿದ್ದನ್ನೇ ವಿಮ್ ಮತ್ತೆ ಸೀಳುತ್ತದೆ.

ಅಲ್ಲೊಂದು ಸಾಲು ನನಗೆ ಬಹಳ ಇಷ್ಟ. ವಿಂಡೋದ ಅಗಲವನ್ನು ಹೇಳುವಾಗ ವಿಮ್ ಎಂಬತ್ತು ಅಂಕಣ ಎಂದು ಕಟ್ಟುನಿಟ್ಟಾಗಿ ಬರೆದಿಡುವುದಿಲ್ಲ. ಈಗಿನ ಪರದೆಯ ಅಂಕಣಗಳನ್ನು ಹಳೆಯ ವಿಂಡೋದ ಅಗಲದಿಂದ ಗುಣಿಸಿ, ಹಳೆಯ ಪರದೆಯ ಅಗಲದಿಂದ ಭಾಗಿಸು ಎಂಬ ಲೆಕ್ಕವನ್ನು ಬರೆದಿಡುತ್ತದೆ. ಕಚೇರಿಯ ದೊಡ್ಡ ಮಾನಿಟರಿನಲ್ಲಿ 200 ಅಂಕಣಗಳಲ್ಲಿ 120 ಪಡೆದಿದ್ದ ವಿಂಡೋ, ಮನೆಯ ಲ್ಯಾಪ್‌ಟಾಪಿನ 100 ಅಂಕಣಗಳಲ್ಲಿ 60 ಪಡೆಯುತ್ತದೆ. ಪಾಲು ಬದಲಾಗುವುದಿಲ್ಲ. ಜಯನಗರದಿಂದ ನ್ಯಾಷನಲ್ ಕಾಲೇಜ್ ನಿಲ್ದಾಣಕ್ಕೆ ಮೆಟ್ರೋದಲ್ಲಿ ಮೂರೇ ನಿಲ್ದಾಣ. ಅಷ್ಟರಲ್ಲಿ ಪರದೆಯ ಅಳತೆ ಅರ್ಧವಾಗುತ್ತದೆ, ಕೆಲಸದ ಆಕಾರ ಹಾಗೆಯೇ ಉಳಿಯುತ್ತದೆ. ಅನುಪಾತ ಬೇಡ, ಎಲ್ಲ ವಿಂಡೋ ಸಮವಾಗಿರಲಿ ಎಂದಾದರೆ ಕಂಟ್ರೋಲ್ ಮತ್ತು ಡಬ್ಲ್ಯೂ ಒತ್ತಿ ಸಮ ಚಿಹ್ನೆ ಒತ್ತಿ.

ಫೈಲನ್ನು ಓದಿದ್ದರಿಂದ ಇನ್ನೆರಡು ಸಂಗತಿ ಗೊತ್ತಾಗುತ್ತವೆ. ಒಂದು, ಕೆಲಸದ ಫೋಲ್ಡರನ್ನು ಬೇರೆಡೆಗೆ ಸ್ಥಳಾಂತರಿಸಿದರೆ ಆ ಸಿಡಿ ಸಾಲನ್ನು ತಿದ್ದಿದರೆ ಬಹುತೇಕ ಸಾಕಾಗುತ್ತದೆ. ಎರಡು, ಇದು ಆಜ್ಞೆಗಳ ಸರಮಾಲೆ, ಅಂದರೆ ಒಂದು ಪ್ರೋಗ್ರಾಮ್. ಗುರುತಿಲ್ಲದವರು ಕಳಿಸಿದ ಸೆಷನ್ ಫೈಲನ್ನು ಓದದೆ ಚಲಾಯಿಸಬೇಡಿ.

ಬಹುತೇಕರು ಎಡವುವ ಜಾಗ

ಕಚೇರಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಂದು ಬೆಳಿಗ್ಗೆ ನನ್ನ ಮೇಜಿನ ಬಳಿ ಬಂದಳು. "ಮೇಡಂ, ಟ್ಯಾಬ್ ಕೀಲಿಯ ಅಗಲ ನಾಲ್ಕಿರಲಿ ಎಂದು ನಿನ್ನೆ ಸೆಟ್ಟಿಂಗ್ ಫೈಲಾದ ವಿಮ್‌ಆರ್‌ಸಿಯಲ್ಲಿ ಬರೆದೆ. ಇವತ್ತು ಮತ್ತೆ ಎಂಟಕ್ಕೆ ಹೋಗಿದೆ. ಫೈಲಿನಲ್ಲಿ ನಾಲ್ಕೇ ಇದೆ."

"ಸೆಷನ್‌ನಿಂದ ತೆರೆದೆಯಾ?"

"ಹೌದು ಮೇಡಂ, ನೀವೇ ಹೇಳಿಕೊಟ್ಟಿರಲ್ಲ."

ಹೇಳಿಕೊಟ್ಟವಳು ನಾನೇ, ಅರ್ಧ ಮಾತ್ರ. ಉಳಿದರ್ಧ ಇದು. ಸೆಷನ್‌ನಲ್ಲಿ ಏನೇನು ಸೇರಬೇಕು ಎಂಬುದನ್ನು ಸೆಷನ್‌ಆಪ್ಷನ್ಸ್ ಎಂಬ ಆಯ್ಕೆ ತೀರ್ಮಾನಿಸುತ್ತದೆ. ವಿಮ್‌ನಲ್ಲಿ ಅದರ ಮೂಲ ಪಟ್ಟಿಯಲ್ಲಿ ಆಪ್ಷನ್ಸ್ ಎಂಬ ಪದವೂ ಇದೆ. ಅದಿದ್ದರೆ ಉಳಿಸಿದ ಕ್ಷಣದಲ್ಲಿ ಚಾಲ್ತಿಯಲ್ಲಿದ್ದ ಸೆಟ್ಟಿಂಗ್‌ಗಳೂ ಕೀಲಿ ಹೊಂದಿಕೆಗಳೂ ಫೈಲಿಗೆ ಸೇರಿಬಿಡುತ್ತವೆ. ವಿಮ್ ತೆರೆಯುವಾಗ ಮೊದಲು ವಿಮ್‌ಆರ್‌ಸಿ ಓದುತ್ತದೆ, ಆಮೇಲೆ ಸೆಷನ್ ಓದುತ್ತದೆ. ಹೊಸದಾಗಿ ಬರೆದದ್ದರ ಮೇಲೆ ಹಳೆಯದು ಬಂದು ಕೂರುತ್ತದೆ. ಮತ್ತೆ ಉಳಿಸಿದಾಗ ಆ ಹಳೆಯದೇ ಮತ್ತೊಮ್ಮೆ ಫೈಲಿಗೆ ಹೋಗುತ್ತದೆ. ಹೀಗೆ ತಿಂಗಳುಗಟ್ಟಲೆ ಹಳೆಯ ಸೆಟ್ಟಿಂಗ್‌ಗಳು ಬೆನ್ನು ಬಿಡದೆ ಬರುತ್ತವೆ. ತಪ್ಪು ಎಲ್ಲಿದೆ ಎಂದು ನಾವು ವಿಮ್‌ಆರ್‌ಸಿಯಲ್ಲೇ ಹುಡುಕುತ್ತಿರುತ್ತೇವೆ.

ಪರಿಹಾರ ವಿಮ್‌ಆರ್‌ಸಿಯಲ್ಲಿ ಒಂದು ಸಾಲು:

ಸೆಟ್ ಸೆಷನ್‌ಆಪ್ಷನ್ಸ್-=ಆಪ್ಷನ್ಸ್

ಹಳೆಯ ಸೆಷನ್ ಫೈಲಿನೊಳಗೆ ಆಗಲೇ ಸೇರಿರುವುದು ಈ ಸಾಲಿನಿಂದ ಹೋಗುವುದಿಲ್ಲ. ಸೆಷನ್ ತೆರೆದ ಮೇಲೆ ಇದೇ ಸಾಲನ್ನು ಕೋಲನ್ ಹಾಕಿ ಒಳಗೊಮ್ಮೆ ಕೊಡಿ, ಏಕೆಂದರೆ ಹಳೆಯ ಸೆಷನ್ ಇದನ್ನೂ ಹಳೆಯ ರೂಪಕ್ಕೆ ತಿರುಗಿಸಿರಬಹುದು. ಬಳಿಕ ಆಶ್ಚರ್ಯಸೂಚಕದೊಂದಿಗೆ ಮತ್ತೆ ಉಳಿಸಿ. ನಿಯೋವಿಮ್‌ನ ಮೂಲ ಪಟ್ಟಿಯಲ್ಲಿ ಆಪ್ಷನ್ಸ್ ಇಲ್ಲ, ಅಲ್ಲಿ ಈ ತೊಂದರೆ ಬರುವುದಿಲ್ಲ.

ಅದೇ ಪಟ್ಟಿಯಲ್ಲಿರುವ ಬ್ಲ್ಯಾಂಕ್ ಎಂಬ ಪದವನ್ನೂ ನಾನು ತೆಗೆಯುತ್ತೇನೆ. ಫೈಲುಗಳ ಮರ ತೋರಿಸುವ ಪ್ಲಗಿನ್ ಬಳಸುವವರಿಗೆ ಸೆಷನ್ ತೆರೆದಾಗ ಆ ಜಾಗದಲ್ಲಿ ಖಾಲಿ ವಿಂಡೋವೊಂದು ಉಳಿದಿರುತ್ತದೆ. ಬ್ಲ್ಯಾಂಕ್ ತೆಗೆದರೆ ಅದು ತಪ್ಪುತ್ತದೆ. ಇನ್ನು ಕರ್‌ಡಿರ್ ಎಂಬುದನ್ನು ತೆಗೆದು ಸೆಸ್‌ಡಿರ್ ಹಾಕಿದರೆ, ಸೆಷನ್ ಫೈಲ್ ಎಲ್ಲಿದೆಯೋ ಅದೇ ಕೆಲಸದ ಫೋಲ್ಡರ್ ಆಗುತ್ತದೆ. ಸೆಷನ್ ಫೈಲನ್ನು ಕೆಲಸದ ಜೊತೆಗೇ ಇಟ್ಟು ಯಂತ್ರದಿಂದ ಯಂತ್ರಕ್ಕೆ ಒಯ್ಯುವವರಿಗೆ ಇದು ಅನುಕೂಲ. ನನ್ನಂತೆ ಒಂದೇ ಕಡೆ ಕೂಡಿಡುವವರಿಗೆ ಬೇಡ.

ಒಂದು ಸೆಷನ್‌ನಿಂದ ಇನ್ನೊಂದಕ್ಕೆ

ಅನುವಾದದ ಸೆಷನ್‌ನಲ್ಲಿದ್ದು ನೇರವಾಗಿ ಲೆಕ್ಕಪತ್ರದ ಸೆಷನ್ ತೆರೆದರೆ ಹಳೆಯ ವಿಂಡೋಗಳು ಮುಚ್ಚುತ್ತವೆ, ಆದರೆ ಹಳೆಯ ಫೈಲುಗಳು ಬಫರ್ ಪಟ್ಟಿಯಲ್ಲಿ, ಅಂದರೆ ವಿಮ್ ತೆರೆದಿಟ್ಟುಕೊಂಡ ಫೈಲುಗಳ ಪಟ್ಟಿಯಲ್ಲಿ, ಹಾಗೆಯೇ ಉಳಿಯುತ್ತವೆ. ಈಗ ಲೆಕ್ಕಪತ್ರವನ್ನು ಉಳಿಸಿದರೆ ಅನುವಾದದ ಫೈಲುಗಳೂ ಅದರೊಳಗೆ ಸೇರಿಕೊಳ್ಳುತ್ತವೆ. ಮೊದಲನೆಯದನ್ನು ಉಳಿಸಿ, :%ಬಿಡಿ ಎಂಬ ಆಜ್ಞೆಯಿಂದ ಎಲ್ಲ ಬಫರ್‌ಗಳನ್ನು ಇಳಿಸಿ, ಆಮೇಲೆ ಎರಡನೆಯದನ್ನು ತೆರೆಯಿರಿ. ಇಲ್ಲಿನ ಬಿ ಮತ್ತು ಡಿ ಬಫರ್ ಡಿಲೀಟ್ ಎಂಬುದರ ಮೊದಲಕ್ಷರಗಳು, ಡಿಸ್ಕಿನ ಫೈಲಿಗೆ ಇದರಿಂದ ಏನೂ ಆಗುವುದಿಲ್ಲ. ಈಗ ಯಾವ ಸೆಷನ್‌ನಲ್ಲಿದ್ದೀರಿ ಎಂದು ಮರೆತರೆ :ಎಕೋ ವಿ:ದಿಸ್_ಸೆಷನ್ ಎಂದು ಕೇಳಿ.

ತಾನಾಗಿಯೇ ಉಳಿಯುವಂತೆ

ಪ್ರತಿ ಸಲ ಕೈಯಿಂದ ಉಳಿಸುವುದು ನೆನಪಿನ ಮೇಲೆ ನಿಂತ ಕೆಲಸ, ಬೇಗ ತಪ್ಪುತ್ತದೆ. ಮೇಲೆ ಹೇಳಿದ ವಿ:ದಿಸ್_ಸೆಷನ್ ಇಲ್ಲಿ ನೆರವಿಗೆ ಬರುತ್ತದೆ. ವಿಮ್‌ಆರ್‌ಸಿಯಲ್ಲಿ ಇದನ್ನು ಒಂದೇ ಸಾಲಾಗಿ ಬರೆಯಿರಿ:

ಆಟೋಸಿಎಂಡಿ ವಿಮ್‌ಲೀವ್‌ಪ್ರೀ * ಇಫ್ ವಿ:ದಿಸ್_ಸೆಷನ್ != '' | ಎಕ್ಸಿಕ್ಯೂಟ್ 'ಎಂಕೆಸೆಷನ್! ' . ಎಫ್‌ನೇಮ್‌ಎಸ್ಕೇಪ್(ವಿ:ದಿಸ್_ಸೆಷನ್) | ಎಂಡಿಫ್

ವಿಮ್ ಮುಚ್ಚುವ ಮುನ್ನ, ಸೆಷನ್ ಒಂದರಲ್ಲಿದ್ದರೆ ಮಾತ್ರ, ಅದೇ ಹೆಸರಿಗೆ ಮತ್ತೆ ಉಳಿಸು ಎಂದು ಇದರರ್ಥ. ಎಂಕೆಸೆಷನ್ ಪದದ ಆಶ್ಚರ್ಯಸೂಚಕದ ನಂತರ, ಉದ್ಧರಣ ಚಿಹ್ನೆಯ ಒಳಗೆ, ಒಂದು ಖಾಲಿ ಜಾಗ ಇದೆ. ಅದನ್ನು ಬಿಡಬೇಡಿ. ಸುಮ್ಮನೆ ಒಂದು ಫೈಲ್ ತಿದ್ದಲು ವಿಮ್ ತೆರೆದಾಗ ಸೆಷನ್ ಹುಟ್ಟುವುದಿಲ್ಲ, ಅದೇ ಇದರ ಗುಣ.

ಆದರೆ ಯಂತ್ರಕ್ಕೇ ಕರೆಂಟ್ ಹೋದರೆ ವಿಮ್‌ಗೆ ಮುಚ್ಚುವ ಮುನ್ನ ಎಂಬ ಕ್ಷಣವೇ ಸಿಗುವುದಿಲ್ಲ. ಮಳೆಗಾಲದ ಬೆಂಗಳೂರಿನಲ್ಲಿ ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪ್ ಬಳಸುವವರಿಗೆ ಅಬ್ಸೆಷನ್ ಎಂಬ ಪ್ಲಗಿನ್ ಒಳ್ಳೆಯದು. ಅದು ವಿಂಡೋ ಜೋಡಣೆ ಬದಲಾದಾಗಲೆಲ್ಲ ಸೆಷನ್ ಫೈಲನ್ನು ಹೊಸದಾಗಿ ಬರೆಯುತ್ತಿರುತ್ತದೆ.

ಅನಾಹುತವಾದ ಮೇಲೆ, ಕ್ರಮ ತಪ್ಪದೆ

ಸಂಪರ್ಕ ಕಡಿದುಹೋಗಿ, ಮತ್ತೆ ಸರ್ವರಿಗೆ ಪ್ರವೇಶಿಸಿದ್ದೀರಿ ಎನ್ನಿ. ಆತುರದಲ್ಲಿ ನೇರವಾಗಿ ಸೆಷನ್ ತೆರೆಯಬೇಡಿ. ಉಳಿಸದೆ ಬಿಟ್ಟ ಬರಹ ಸ್ವಾಪ್ ಎಂಬ ತಾತ್ಕಾಲಿಕ ಫೈಲುಗಳಲ್ಲಿದೆ. ವಿಮ್ 200 ಅಕ್ಷರ ಒತ್ತಿದ ಮೇಲೆ, ಇಲ್ಲವೇ ನೀವು 4 ಸೆಕೆಂಡು ಕೈ ಬಿಟ್ಟಾಗ, ಅವನ್ನು ಬರೆಯುತ್ತಿರುತ್ತದೆ. ಆ ಮೇ ತಿಂಗಳ ಸಂಜೆ ನನ್ನ ಬರಹ ಉಳಿದದ್ದು ಇದರಿಂದಲೇ. ನಾಲ್ಕೈದು ಫೈಲುಗಳಿರುವ ಸೆಷನ್ ತೆರೆದರೆ, ಸ್ವಾಪ್ ಇರುವ ಪ್ರತಿ ಫೈಲಿಗೂ ಎಚ್ಚರಿಕೆ ಎದ್ದು ನಿಲ್ಲುತ್ತದೆ. ಗಡಿಬಿಡಿಯಲ್ಲಿ ತಪ್ಪು ಅಕ್ಷರ ಒತ್ತಿದರೆ ಸ್ವಾಪ್ ಅಳಿದೇ ಹೋಗಬಹುದು.

ಆದ್ದರಿಂದ ಮೊದಲು ಫೈಲಿನ ಹೆಸರಿಲ್ಲದೆ

ವಿಮ್ -ಆರ್

ಎಂದು ಕೊಡಿ. ಇಲ್ಲಿನ ಆರ್ ಚಿಕ್ಕಕ್ಷರ. ಸಿಕ್ಕಿದ ಸ್ವಾಪ್ ಫೈಲುಗಳ ಪಟ್ಟಿ ಬರುತ್ತದೆ. ಅದರಲ್ಲಿ ಪ್ರಾಸೆಸ್ ಸಂಖ್ಯೆಯ ಪಕ್ಕ ಇನ್ನೂ ಚಾಲನೆಯಲ್ಲಿದೆ ಎಂಬ ಸೂಚನೆ ಇದೆಯೇ ಎಂದು ಗಮನವಿಟ್ಟು ನೋಡಿ. ಇದ್ದರೆ, ಸಂಪರ್ಕ ಹೋದದ್ದು ಸರ್ವರಿಗೆ ಇನ್ನೂ ತಿಳಿದಿಲ್ಲ, ನಿಮ್ಮ ಹಳೆಯ ವಿಮ್ ಅಲ್ಲಿ ಬದುಕಿದೆ. ಸ್ವಲ್ಪ ಕಾಯಿರಿ, ಇಲ್ಲವೇ ಆ ಪ್ರಾಸೆಸ್ಸನ್ನು ಸಾಮಾನ್ಯ ಕಿಲ್ ಆಜ್ಞೆಯಿಂದ ನಿಲ್ಲಿಸಿ. ಒಂಬತ್ತರ ಸಂಖ್ಯೆ ಹಾಕಿ ಬಲವಂತ ಮಾಡಬೇಡಿ. ಸಾಮಾನ್ಯ ಕಿಲ್‌ನಲ್ಲಿ ವಿಮ್ ಹೋಗುವ ಮುನ್ನ ಸ್ವಾಪ್ ಬರೆದು ಹೋಗುತ್ತದೆ.

ಆಮೇಲೆ ಒಂದೊಂದೇ ಫೈಲನ್ನು ವಿಮ್ -ಆರ್ ಮತ್ತು ಫೈಲಿನ ಹೆಸರು ಕೊಟ್ಟು ತೆರೆಯಿರಿ. ಬಂದ ಬರಹ ಸರಿಯಿದೆಯೇ ಓದಿ, ಉಳಿಸಿ, ಹೊರಬನ್ನಿ, ಆ ಸ್ವಾಪ್ ಫೈಲನ್ನು ನೀವೇ ಅಳಿಸಿ. ಎಲ್ಲವೂ ಮುಗಿದ ಮೇಲೆ ಸೆಷನ್ ತೆರೆಯಿರಿ, ಒಂದೂ ಎಚ್ಚರಿಕೆಯಿಲ್ಲದೆ ನಿಮ್ಮ ಮೇಜು ಮೊದಲಿನಂತೆ ಹರಡಿಕೊಳ್ಳುತ್ತದೆ.

ಅನುವಾದ ಮಾಡುವವರಿಗೆ ಒಂದು ಮಾತು: ಹಲವು ಟರ್ಮಿನಲ್‌ಗಳಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುವುದಿಲ್ಲ. ಮರಳಿ ಪಡೆದ ಫೈಲಿನಲ್ಲಿ ಅಕ್ಷರ ಒಡೆದು ಕಂಡರೆ ಬರಹ ಹಾಳಾಗಿದೆ ಎಂದು ತಿಳಿದು ಸ್ವಾಪ್ ಬಿಸಾಡಬೇಡಿ. ಅದೇ ಫೈಲನ್ನು ಟರ್ಮಿನಲ್ ಅಲ್ಲದ ಬೇರೆ ಎಡಿಟರಿನಲ್ಲಿ ಒಮ್ಮೆ ತೆರೆದು ನೋಡಿ.

ಸೆಷನ್‌ಗೆ ಸೇರದ ಸಂಗತಿಗಳು

ನಕಲು ಮಾಡಿಟ್ಟ ತುಣುಕುಗಳು, ಆಜ್ಞೆಗಳ ಇತಿಹಾಸ, ಗುರುತು ಹಾಕಿದ ಜಾಗಗಳು ವಿಮ್‌ಇನ್ಫೋ ಫೈಲಿನ ಪಾಲು. ಮಾಡಿದ್ದನ್ನು ಹಿಂದಕ್ಕೆ ತಿರುಗಿಸುವ ಸರಣಿ, ಅಂಡೂಫೈಲ್ ಎಂಬ ಆಯ್ಕೆಯನ್ನು ಚಾಲೂ ಮಾಡಿದರೆ ಮಾತ್ರ ವಿಮ್ ಮುಚ್ಚಿದ ಮೇಲೂ ಉಳಿಯುತ್ತದೆ. ಅದನ್ನು ಚಾಲೂ ಮಾಡಿ ಎಂದೇ ನನ್ನ ಸಲಹೆ. ಸೆಷನ್ ಮತ್ತು ವಿಮ್‌ಇನ್ಫೋಗಳ ವಿವರ ವಿಮ್‌ನೊಳಗಿನ ಕೈಪಿಡಿಯ 21ನೇ ಅಧ್ಯಾಯದಲ್ಲಿದೆ. ಹೋಗಿ ಮರಳಿ ಬನ್ನಿ ಎಂಬುದು ಅದರ ಶೀರ್ಷಿಕೆಯ ಅರ್ಥ. 1991ರಲ್ಲಿ ವಿಮ್ ಹೊರತಂದ ಬ್ರಾಮ್ ಮೂಲೆನಾರ್ 2023ರ ಆಗಸ್ಟ್‌ನಲ್ಲಿ ತೀರಿಕೊಂಡರು. ಆ ಕೈಪಿಡಿಯನ್ನು ಓದುವಾಗ, ಕಲಿಯುವವರ ಪಕ್ಕದಲ್ಲೇ ಕೂತು ಹೇಳಿಕೊಡುವ ಮನುಷ್ಯರೊಬ್ಬರ ದನಿ ಇಂದಿಗೂ ಕೇಳುತ್ತದೆ.

ಟರ್ಮಿನಲ್ಲನ್ನು ಸರ್ವರಿನಲ್ಲೇ ಜೀವಂತವಾಗಿಡುವ ಟಿಮಕ್ಸ್ ಎಂಬ ತಂತ್ರಾಂಶ ಇದ್ದರೆ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಸರ್ವರ್‌ನಲ್ಲಿ ಟಿಮಕ್ಸ್ ಒಳಗೆ ವಿಮ್ ತೆರೆದರೆ ಮನೆಯ ರೂಟರ್ ಆರಿದರೂ ವಿಮ್ ಅಲ್ಲಿ ನಡೆಯುತ್ತಲೇ ಇರುತ್ತದೆ, ಟಿಮಕ್ಸ್ ಅಟ್ಯಾಚ್ ಎಂದು ಕೊಟ್ಟರೆ ಬಿಟ್ಟಲ್ಲಿಗೇ ಮರಳುತ್ತೀರಿ. ನಾನೂ ಈಗ ಹಾಗೆಯೇ ಮಾಡುತ್ತೇನೆ. ಆದರೆ ಸರ್ವರೇ ಮರುಚಾಲನೆಯಾದ ದಿನ ಟಿಮಕ್ಸ್ ಕೂಡ ಹೋಗುತ್ತದೆ, ಸೆಷನ್ ಫೈಲ್ ಡಿಸ್ಕಿನಲ್ಲಿ ಉಳಿದಿರುತ್ತದೆ. ಹಾಗಾಗಿ ಟಿಮಕ್ಸ್ ಒಳಗೆ ತೆರೆಯುವಾಗಲೂ ನಾನು ಕೊಡುವುದು ವಿಮ್ -ಎಸ್ ಆಜ್ಞೆಯನ್ನೇ.